ಡೈರಿ ತುಂಬ ಕೆಂಪು ಶಾಯಿ: ಎಡಿಎಚ್‌ಡಿ ಇರುವ ಮಗು ಶಾಲೆಯ ಕಣ್ಣಿಗೆ ತುಂಟನಾಗಿ ಕಾಣುವುದೇಕೆ?

ಹೈದರಾಬಾದ್‌ನ ಕುಕಟ್‌ಪಲ್ಲಿಯಲ್ಲೋ ಮಿಯಾಪುರದಲ್ಲೋ ಒಂದು ಫ್ಲ್ಯಾಟ್ ಅಂದುಕೊಳ್ಳಿ. ಸಂಜೆ ಐದು ಗಂಟೆ. ಎರಡನೇ ತರಗತಿಯ ಹುಡುಗ ಶಾಲೆಯಿಂದ ಬಂದವನೇ ಬ್ಯಾಗ್ ಎಸೆದು ಬಾಲ್ಕನಿಗೆ ಓಡಿದ್ದಾನೆ. ಅಮ್ಮ ಡೈರಿ ತೆರೆಯುತ್ತಾಳೆ. ಸೋಮವಾರ: 'ಕ್ಲಾಸ್‌ವರ್ಕ್ ಮುಗಿಸಿಲ್ಲ.' ಮಂಗಳವಾರ: 'ಪಕ್ಕದವರಿಗೆ ತೊಂದರೆ ಕೊಡುತ್ತಾನೆ.' ಬುಧವಾರ: 'ಪಾಠದ ನಡುವೆ ಎದ್ದು ಓಡಾಡುತ್ತಾನೆ.' ಗುರುವಾರ: 'ಪೋಷಕರು ಬಂದು ಕಾಣಬೇಕು.' ಎಲ್ಲವೂ ಕೆಂಪು ಶಾಯಿಯಲ್ಲಿ.

ಕಲಬುರಗಿಯಿಂದ ಅಜ್ಜಿ ಫೋನ್‌ನಲ್ಲಿ ಸಮಾಧಾನ ಹೇಳುತ್ತಾಳೆ: "ಗಂಡ್ ಹುಡುಗ ಅಂದಮ್ಯಾಲ ಹಿಂಗೇ ಇರ್ತಾನವಾ. ಅವರಪ್ಪನೂ ಸಣ್ಣಾಂವ ಇದ್ದಾಗ ಹಿಂಗೇ ಇದ್ದ." ಆಫೀಸಿನಿಂದ ಬಂದ ಅಪ್ಪ, "ಮೊಬೈಲ್ ಕೊಟ್ಟು ಕೊಟ್ಟು ನೀನೇ ಹಾಳು ಮಾಡಿದಿ" ಎನ್ನುತ್ತಾನೆ. "ಮನೆಯಲ್ಲಿ ಸ್ವಲ್ಪ ಶಿಸ್ತು ಕಲಿಸಿ" ಎಂದು ಶಾಲೆ ಹೇಳುತ್ತದೆ. ರಾತ್ರಿ ಮಲಗುವಾಗ ಹುಡುಗ ಕೇಳುತ್ತಾನೆ: "ಅವ್ವಾ, ನಾ ಕೆಟ್ಟ ಹುಡುಗ ಏನು?"

ಇದು ಯಾವುದೋ ಒಂದು ಮನೆಯ ನಿಜ ಘಟನೆಯಲ್ಲ. ಎಡಿಎಚ್‌ಡಿ ಇರುವ ಮಕ್ಕಳ ಸುತ್ತ ಸಾಮಾನ್ಯವಾಗಿ ಕೇಳಿಬರುವ ಮಾತುಗಳನ್ನು ಒಂದೇ ಮನೆಯೊಳಗೆ ಇಟ್ಟು ನೋಡಿದ ಚಿತ್ರ. ಇಲ್ಲಿ ಎಲ್ಲರೂ ಆ ಹುಡುಗನ ಬಗ್ಗೆ ಒಂದೊಂದು ತೀರ್ಪು ಕೊಟ್ಟಾಗಿದೆ. ಯಾರೂ ಅವನನ್ನು ಪರೀಕ್ಷೆ ಮಾಡಿಸಿಲ್ಲ. ಪ್ರಾಥಮಿಕ ಶಾಲೆಯ ಈ ಕೆಲವು ವರ್ಷಗಳಲ್ಲಿ ಮಗುವಿಗೆ ಅಂಟಿದ ಹೆಸರು, ಅದು 'ತುಂಟ' ಆಗಿರಲಿ, 'ಸೋಮಾರಿ' ಆಗಿರಲಿ, ಮಗು ತನ್ನ ಬಗ್ಗೆ ತಾನೇ ನಂಬುವ ಮಾತಾಗಿಬಿಡುತ್ತದೆ. ಹಾಗಾಗಿ ಎಡಿಎಚ್‌ಡಿ ಅಂದರೆ ಏನು, ತರಗತಿಯಲ್ಲಿ ಅದು ಹೇಗೆ ಕಾಣುತ್ತದೆ, ಯಾವುದನ್ನು ಅದೆಂದು ತಪ್ಪಾಗಿ ತಿಳಿಯಲಾಗುತ್ತದೆ ಎಂಬುದನ್ನು ಪೋಷಕರು ಮತ್ತು ಶಿಕ್ಷಕರು ಇಬ್ಬರೂ ತಿಳಿದಿರುವುದು ಒಳ್ಳೆಯದು.

ಎಡಿಎಚ್‌ಡಿ ಎಂದರೇನು?

ಅಟೆನ್ಶನ್ ಡೆಫಿಸಿಟ್ ಹೈಪರ್‌ಆ್ಯಕ್ಟಿವಿಟಿ ಡಿಸಾರ್ಡರ್ ಎಂಬುದರ ಕಿರುರೂಪವೇ ಎಡಿಎಚ್‌ಡಿ. ಕನ್ನಡದಲ್ಲಿ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ಸಮಸ್ಯೆ ಎನ್ನಬಹುದು. ಇದು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ಬುದ್ಧಿಮಟ್ಟಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ. ಚುರುಕಾದ ಮಗುವಿಗೂ ಇದು ಇರಬಹುದು.

ವೈದ್ಯರು ಬಳಸುವ ಡಿಎಸ್‌ಎಂ-5 ಎಂಬ ಕೈಪಿಡಿ 2013ರಲ್ಲಿ ಪ್ರಕಟವಾಯಿತು. ಅದರಲ್ಲಿ ಗಮನದ ಕೊರತೆಗೆ ಸಂಬಂಧಿಸಿದ 9 ಲಕ್ಷಣ, ಅತಿ ಚಟುವಟಿಕೆ ಮತ್ತು ದುಡುಕಿಗೆ ಸಂಬಂಧಿಸಿದ 9 ಲಕ್ಷಣಗಳ ಪಟ್ಟಿ ಇದೆ. ಮಕ್ಕಳಲ್ಲಿ ಈ ಎರಡರಲ್ಲಿ ಒಂದು ಗುಂಪಿನ ಕನಿಷ್ಠ 6 ಲಕ್ಷಣಗಳು 6 ತಿಂಗಳಾದರೂ ಇರಬೇಕು. ಕೆಲವು ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿರಬೇಕು. ವಯಸ್ಸಿಗೆ ಸಹಜವಾದದ್ದಕ್ಕಿಂತ ಹೆಚ್ಚಾಗಿರಬೇಕು, ಮಗುವಿನ ಕಲಿಕೆಗೆ ಅಥವಾ ಒಡನಾಟಕ್ಕೆ ನಿಜವಾಗಿಯೂ ಅಡ್ಡಿಯಾಗುತ್ತಿರಬೇಕು.

ಎಲ್ಲಕ್ಕಿಂತ ಮುಖ್ಯವಾದ ಷರತ್ತು ಇನ್ನೊಂದಿದೆ. ಲಕ್ಷಣಗಳು ಕನಿಷ್ಠ ಎರಡು ಕಡೆ ಕಾಣಬೇಕು. ಉದಾಹರಣೆಗೆ ಶಾಲೆಯಲ್ಲೂ ಮನೆಯಲ್ಲೂ. ಶಾಲೆಯಲ್ಲಿ ಮಾತ್ರ ತೊಂದರೆ, ಉಳಿದ ಕಡೆ ಏನೂ ಇಲ್ಲ ಎಂದಾದರೆ ಕಾರಣ ಶಾಲೆಯೊಳಗೇ ಇರಬಹುದು. ಈ ಮಾತು ನೆನಪಿರಲಿ, ಮುಂದೆ ಮತ್ತೆ ಬೇಕಾಗುತ್ತದೆ.

ಅಜ್ಜಿ ಹೇಳಿದ "ಅವರಪ್ಪನೂ ಹಿಂಗೇ ಇದ್ದ" ಎಂಬ ಮಾತಿನಲ್ಲೂ ಹುರುಳಿಲ್ಲದಿಲ್ಲ. ಅವಳಿ ಮಕ್ಕಳ ಮೇಲಿನ ಅಧ್ಯಯನಗಳ ಪ್ರಕಾರ ಎಡಿಎಚ್‌ಡಿಯಲ್ಲಿ ವಂಶವಾಹಿಗಳ ಪಾತ್ರ ಬಹಳ ದೊಡ್ಡದು. ಎಷ್ಟೋ ಅಪ್ಪಂದಿರು, ಅಮ್ಮಂದಿರು ಮಗುವಿನ ತಪಾಸಣೆಗೆ ಹೋದಾಗಲೇ ತಮ್ಮ ಬಾಲ್ಯವನ್ನು ಗುರುತಿಸಿಕೊಳ್ಳುತ್ತಾರೆ. ಅಜ್ಜಿಯ ಮಾತು ತಪ್ಪುವುದು ಒಂದೇ ಕಡೆ: 'ಅಪ್ಪನೂ ಹಾಗೇ ಇದ್ದ, ಆದ್ದರಿಂದ ಏನೂ ಮಾಡಬೇಕಿಲ್ಲ' ಎಂದುಕೊಂಡಾಗ.

ಎಷ್ಟು ಮಕ್ಕಳಲ್ಲಿ ಇದೆ?

ಜಗತ್ತಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಮಕ್ಕಳಲ್ಲಿ ಸುಮಾರು ಶೇ. 5ರಷ್ಟು ಎಂಬ ಅಂದಾಜು ಸಿಗುತ್ತದೆ. ಅಂದರೆ 40 ಮಕ್ಕಳ ತರಗತಿಯಲ್ಲಿ ಇಬ್ಬರು. ಕೊಯಮತ್ತೂರಿನ ಪ್ರಾಥಮಿಕ ಶಾಲಾ ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಪ್ರಮಾಣ ಶೇ. 11.32 ಇತ್ತು. ಯಾರನ್ನು ಕೇಳಿದರು, ಯಾವ ಪ್ರಶ್ನಾವಳಿ ಬಳಸಿದರು ಎಂಬುದರ ಮೇಲೆ ಸಂಖ್ಯೆ ಹೀಗೆ ಹೆಚ್ಚು ಕಡಿಮೆಯಾಗುತ್ತದೆ.

ಹೈದರಾಬಾದ್ ಕೂಡ ಇಂಥದೊಂದು ದೊಡ್ಡ ಸಮೀಕ್ಷೆಯ ಭಾಗವಾಗಿತ್ತು. ಪಲ್ವಲ್, ಕಾಂಗ್ರಾ, ಢೆಂಕನಾಲ್, ಉತ್ತರ ಗೋವಾ ಮತ್ತು ಹೈದರಾಬಾದ್‌ನಲ್ಲಿ 2ರಿಂದ 9 ವರ್ಷದ ಮಕ್ಕಳನ್ನು ಪರೀಕ್ಷಿಸಿದ ಆ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮೂರ್ಛೆ, ಶ್ರವಣದೋಷ, ಆಟಿಸಂ, ಕಲಿಕಾ ನ್ಯೂನತೆ, ಎಡಿಎಚ್‌ಡಿ ಸೇರಿದಂತೆ ನರ ಬೆಳವಣಿಗೆಗೆ ಸಂಬಂಧಿಸಿದ 9 ಸಮಸ್ಯೆಗಳಲ್ಲಿ ಒಂದಾದರೂ ಇದ್ದ ಮಕ್ಕಳು ಸರಿಸುಮಾರು 8ರಲ್ಲಿ ಒಬ್ಬರು. ಹಾಗಾಗಿ 'ನಮ್ಮ ಶಾಲೆಯಲ್ಲಿ ಅಂಥ ಮಕ್ಕಳಿಲ್ಲ' ಎಂದು ಯಾವ ಶಾಲೆಯೂ ಧೈರ್ಯವಾಗಿ ಹೇಳುವಂತಿಲ್ಲ. ಇದ್ದಾರೆ, ಬೇರೆ ಹೆಸರಿನಿಂದ ಕರೆಸಿಕೊಳ್ಳುತ್ತಿದ್ದಾರೆ, ಅಷ್ಟೇ.

ತರಗತಿಯ ಕಣ್ಣಿಗೆ ಕಾಣುವುದೇನು?

'ಕೂತಲ್ಲಿ ಕೂರಲ್ಲ, ನಿಂತಲ್ಲಿ ನಿಲ್ಲಲ್ಲ', 'ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಾನೆ', 'ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡ್ತಾನೆ'. ಇಂಥ ಮಕ್ಕಳ ಬಗ್ಗೆ ನಮ್ಮ ಭಾಷೆಯಲ್ಲಿ ಮಾತಿಗೇನೂ ಬರವಿಲ್ಲ. ಆದರೆ ಈ ಮಾತುಗಳೆಲ್ಲ ಒಂದು ನಂಬಿಕೆಯ ಮೇಲೆ ನಿಂತಿವೆ: ಮಗು ಬೇಕೆಂದೇ ಹೀಗೆ ಮಾಡುತ್ತಿದೆ.

ಈ ನಂಬಿಕೆ ಹಳೆಯದು. 1902ರಲ್ಲಿ ಲಂಡನ್‌ನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಸರಣಿ ಉಪನ್ಯಾಸ ಕೊಟ್ಟಾಗ, ಅವರಲ್ಲಿ 'ನೈತಿಕ ನಿಯಂತ್ರಣ'ದ ಕೊರತೆ ಇದೆ ಎಂದು ಹೆಸರಿಟ್ಟಿದ್ದರು. ಬುದ್ಧಿಗೆ ಕೊರತೆಯಿಲ್ಲದ ಮಕ್ಕಳಲ್ಲೂ ಇದನ್ನು ಕಂಡೆ ಎಂಬುದು ಅವರ ಮುಖ್ಯ ಮಾತಾಗಿತ್ತು. ವೈದ್ಯಕೀಯ ಆಮೇಲೆ ಆ ಹೆಸರನ್ನು ಬಿಟ್ಟು ಬಹಳ ಮುಂದೆ ಬಂದಿದೆ. ಸ್ಟಾಫ್ ರೂಮ್‌ನ ಮಾತು ಇನ್ನೂ ಅಲ್ಲೇ ಇದೆ.

ಒಂದೊಂದಾಗಿ ನೋಡೋಣ. ಶಿಕ್ಷಕಿ 'ಕನ್ನಡ ಪುಸ್ತಕ ಮುಚ್ಚಿ, ಗಣಿತದ ನೋಟ್‌ಬುಕ್ ತೆಗೆದು, ದಿನಾಂಕ ಬರೆದು, 42ನೇ ಪುಟದ ಮೂರನೇ ಲೆಕ್ಕ ಮಾಡಿ' ಎಂದು ಹೇಳುತ್ತಾರೆ. ಮಗು ನೋಟ್‌ಬುಕ್ ತೆಗೆದು ಸುಮ್ಮನೆ ಕೂತಿದೆ. ನೋಡುವವರಿಗೆ ಇದು ಉಡಾಫೆ. ಮಗುವಿನ ತಲೆಯಲ್ಲಿ ನಾಲ್ಕು ಸೂಚನೆಗಳಲ್ಲಿ ಒಂದು ಮಾತ್ರ ಉಳಿದಿದೆ. ಕೇಳಿದ್ದನ್ನು ಕೆಲಸ ಮುಗಿಯುವವರೆಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿಯೇ ಇಲ್ಲಿ ದುರ್ಬಲ.

ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುವ ಮಗು ಅಧಿಕಪ್ರಸಂಗಿಯಂತೆ ಕಾಣುತ್ತದೆ. ನಿಜದಲ್ಲಿ ಅದಕ್ಕೆ ತಡೆದುಕೊಳ್ಳುವುದೇ ಕಷ್ಟ. ಸಾಲಿನಲ್ಲಿ ನಿಂತು ತನ್ನ ಸರದಿಗೆ ಕಾಯುವುದೂ ಅಷ್ಟೇ. ನಿನ್ನೆ ಸರಿಯಾಗಿ ಮಾಡಿದ ಲೆಕ್ಕವನ್ನು ಇವತ್ತು ತಪ್ಪು ಮಾಡಿದರೆ 'ಬೇಕೆಂದಾಗ ಮಾಡ್ತಾನೆ ನೋಡಿ' ಎನ್ನುತ್ತಾರೆ. ದಿನದಿಂದ ದಿನಕ್ಕೆ ಹೀಗೆ ಏರುಪೇರಾಗುವುದು ಎಡಿಎಚ್‌ಡಿಯ ಸ್ವಭಾವವೇ ಹೊರತು ಮಗುವಿನ ಆಟವಲ್ಲ.

"ಕಾರ್ಟೂನ್ ಮುಂದೆ ಎರಡು ಗಂಟೆ ಅಲುಗಾಡದೆ ಕೂರ್ತಾನೆ, ಪಾಠ ಅಂದ್ರೆ ಮಾತ್ರ ಗಮನ ಇಲ್ಲ" ಎಂಬುದು ಇನ್ನೊಂದು ದೂರು. ಪರದೆಯ ಮೇಲೆ ಪ್ರತಿ ಕೆಲವು ಸೆಕೆಂಡಿಗೆ ಹೊಸದೇನೋ ಬರುತ್ತದೆ, ಬಹುಮಾನ ತಕ್ಷಣ ಸಿಗುತ್ತದೆ. ಅಲ್ಲಿ ಗಮನವನ್ನು ಹಿಡಿದಿಡುವ ಕೆಲಸವನ್ನು ಪರದೆಯೇ ಮಾಡುತ್ತದೆ. ಇಷ್ಟವಿಲ್ಲದ, ನಿಧಾನವಾಗಿ ಸಾಗುವ ಕೆಲಸಕ್ಕೆ ಗಮನವನ್ನು ತಾನಾಗಿ ತಿರುಗಿಸಿ ನಿಲ್ಲಿಸುವುದು ಬೇರೆಯೇ ಕೌಶಲ. ಈ ಮಕ್ಕಳಿಗೆ ಕಷ್ಟವಾಗುವುದು ಅದೇ.

ಮೆದುಳಿನ ಚಿತ್ರಗಳೂ ಇದಕ್ಕೆ ಒಂದು ಸುಳಿವು ಕೊಡುತ್ತವೆ. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಮಕ್ಕಳ ಮೆದುಳಿನ ಹೊರಪದರ ಬಲಿಯುವ ವೇಗವನ್ನು ಅಳೆಯಿತು. ಸಾಮಾನ್ಯ ಮಕ್ಕಳಲ್ಲಿ ಸರಾಸರಿ 7.5 ವರ್ಷಕ್ಕೆ ಬರುವ ಒಂದು ಹಂತ ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಬಂದದ್ದು ಸುಮಾರು 10.5 ವರ್ಷಕ್ಕೆ. ಬೆಳವಣಿಗೆಯ ಕ್ರಮ ಅದೇ, ಆದರೆ ತಡ. ಮೂರನೇ ತರಗತಿಯ ಮಗುವಿನಿಂದ ಮೂರನೇ ತರಗತಿಯ ಸಂಯಮ ನಿರೀಕ್ಷಿಸುವಾಗ ಈ ಅಂತರ ನೆನಪಿಗೆ ಬಂದರೆ ಬೈಗುಳ ಸ್ವಲ್ಪ ಕಡಿಮೆಯಾದೀತು.

ಸದ್ದಿಲ್ಲದೆ ಕೂತ ಮಕ್ಕಳು

ಓಡಾಡುವ ಮಗು ಕಣ್ಣಿಗೆ ಬೀಳುತ್ತದೆ. ಕಿಟಕಿಯಾಚೆ ನೋಡುತ್ತ ಕೂತ ಮಗು ಬೀಳುವುದಿಲ್ಲ. ಎಡಿಎಚ್‌ಡಿಯಲ್ಲಿ ಅತಿ ಚಟುವಟಿಕೆಯಿಲ್ಲದೆ ಗಮನದ ಕೊರತೆ ಮಾತ್ರ ಕಾಣುವ ಬಗೆಯೂ ಇದೆ. ಹೆಣ್ಣುಮಕ್ಕಳಲ್ಲಿ ಈ ಬಗೆ ಹೆಚ್ಚು. ಪೆನ್ಸಿಲ್, ಟಿಫಿನ್ ಡಬ್ಬಿ, ಸ್ವೆಟರ್ ದಿನವೂ ಕಳೆದುಹೋಗುತ್ತದೆ. ಬೋರ್ಡ್ ಮೇಲಿನದನ್ನು ಅರ್ಧ ಬರೆದಿರುತ್ತಾಳೆ. ಹೆಸರು ಕರೆದರೆ ಎರಡನೇ ಸಲಕ್ಕೆ ತಿರುಗುತ್ತಾಳೆ.

ಇವಳಿಂದ ತರಗತಿಗೆ ತೊಂದರೆಯಿಲ್ಲ, ಆದ್ದರಿಂದ ದೂರೂ ಇಲ್ಲ. ವರದಿ ಕಾರ್ಡ್‌ನಲ್ಲಿ 'ಒಳ್ಳೆಯ ಹುಡುಗಿ, ಇನ್ನಷ್ಟು ಪ್ರಯತ್ನ ಬೇಕು' ಎಂದು ಬರುತ್ತದೆ. ಪ್ರಯತ್ನ ಮಾಡಿ ಮಾಡಿ ಸೋತ ಮಗುವಿಗೆ ಆ ಮಾತು ಏನನ್ನೂ ಹೇಳುವುದಿಲ್ಲ. ಪತ್ತೆಯಾದವರಲ್ಲಿ ಗಂಡುಮಕ್ಕಳ ಸಂಖ್ಯೆ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ. ಶಾಲೆಯ ಕಣ್ಣು ಹುಡುಕುವುದು ಗದ್ದಲವನ್ನು, ಕಷ್ಟವನ್ನಲ್ಲ.

ಚಡಪಡಿಕೆ ಎಲ್ಲವೂ ಎಡಿಎಚ್‌ಡಿ ಅಲ್ಲ

ಈಗ ನಾಣ್ಯದ ಇನ್ನೊಂದು ಮುಖ. ಇಂಟರ್ನೆಟ್‌ನಲ್ಲಿ ನಾಲ್ಕು ವಿಡಿಯೊ ನೋಡಿ 'ನಿಮ್ಮ ಮಗುವಿಗೆ ಎಡಿಎಚ್‌ಡಿ ಇದೆ' ಎಂದು ಶಾಲೆಯೇ ಹೇಳಿಬಿಡುವುದೂ ಅಷ್ಟೇ ಅಪಾಯ. ಅದೇ ಲಕ್ಷಣ ತೋರಿಸುವ ಬೇರೆ ಕಾರಣಗಳು ಹಲವು.

ಮೊದಲನೆಯದು ವಯಸ್ಸು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಶಾಲಾ ಪ್ರವೇಶಕ್ಕೆ ಡಿಸೆಂಬರ್ 31 ಗಡಿ ದಿನ. ಅಲ್ಲಿನ 9 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವರಾದ ಡಿಸೆಂಬರ್‌ನಲ್ಲಿ ಹುಟ್ಟಿದ ಗಂಡುಮಕ್ಕಳಿಗೆ ಎಡಿಎಚ್‌ಡಿ ಎಂದು ಹೇಳುವ ಸಾಧ್ಯತೆ, ಎಲ್ಲರಿಗಿಂತ ದೊಡ್ಡವರಾದ ಜನವರಿಯವರಿಗಿಂತ ಶೇ. 30 ಹೆಚ್ಚಿತ್ತು. ಹೆಣ್ಣುಮಕ್ಕಳಲ್ಲಿ ಈ ವ್ಯತ್ಯಾಸ ಶೇ. 70. ಅಂದರೆ ಕೆಲವು ಮಕ್ಕಳ ವಿಷಯದಲ್ಲಿ 'ಕಾಯಿಲೆ' ಎಂದು ಕಂಡದ್ದು ಬರೀ ಹನ್ನೊಂದು ತಿಂಗಳ ಎಳೆತನ. ನಮ್ಮಲ್ಲೂ ಒಂದು ವರ್ಷ ಉಳಿಯಲಿ ಎಂದು ಮಗುವನ್ನು ಬೇಗ ಶಾಲೆಗೆ ಸೇರಿಸುವವರಿದ್ದಾರೆ. ನಿಮ್ಮ ಮಗು ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕದಾ ಎಂದು ಮೊದಲು ಕೇಳಿಕೊಳ್ಳಿ.

ಎರಡನೆಯದು ಕಿವಿ ಮತ್ತು ಕಣ್ಣು. ನೆಗಡಿಯಾದ ಮೇಲೆ ಕಿವಿಯೊಳಗೆ ನೀರು ತುಂಬಿದ ಮಗು ಅರ್ಧಂಬರ್ಧ ಕೇಳಿಸಿಕೊಳ್ಳುತ್ತದೆ. ಬೋರ್ಡ್ ಕಾಣದ ಮಗು ಪಕ್ಕದವರ ಪುಸ್ತಕ ಇಣುಕುತ್ತದೆ. ಮೂರನೆಯದು ನಿದ್ದೆ. ಟಾನ್ಸಿಲ್ ಅಥವಾ ಅಡಿನಾಯ್ಡ್ ಊದಿಕೊಂಡು ರಾತ್ರಿ ಗೊರಕೆ ಹೊಡೆಯುವ ಮಗುವಿಗೆ ಒಳ್ಳೆಯ ನಿದ್ದೆಯಿರದು. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ, ಮಕ್ಕಳು ಹಲವು ಸಲ ಇನ್ನಷ್ಟು ಚಡಪಡಿಸುತ್ತಾರೆ. ನಾಲ್ಕನೆಯದು ರಕ್ತಹೀನತೆ. ಐದನೆಯದು, ಕೆಲವೇ ಸೆಕೆಂಡು ಮಗು ಮಂಕಾಗಿ ನೋಡುತ್ತ ನಿಲ್ಲುವ ಒಂದು ಬಗೆಯ ಮೂರ್ಛೆ. ಇದನ್ನು ಹಗಲುಗನಸು ಎಂದು ತಿಳಿಯುವುದು ಸಾಮಾನ್ಯ. ಮನೆಯ ಜಗಳ, ಶಾಲೆಯಲ್ಲಿ ಯಾರೋ ಹೆದರಿಸುವುದು, ಓದುಬರಹದ ಕಲಿಕಾ ನ್ಯೂನತೆ ಇವೂ ಗಮನವನ್ನು ಕದಿಯುತ್ತವೆ.

ಹೈದರಾಬಾದ್‌ನ ಕನ್ನಡ ಮನೆಗೆ ಇನ್ನೊಂದು ಪ್ರಶ್ನೆ

ಹೈದರಾಬಾದ್‌ಗೂ ಕನ್ನಡಿಗರಿಗೂ ನಂಟು ಹೊಸದಲ್ಲ. ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಕಾಚಿಗುಡದ ನೃಪತುಂಗ ಶಾಲೆಯಂಥ ಕನ್ನಡದ ನೆಲೆ ಇಲ್ಲಿ ದಶಕಗಳಿಂದ ಇದೆ. ಆಸ್ಪತ್ರೆ, ಓದು, ಐಟಿ ಕೆಲಸ, ಕಟ್ಟಡ ಕೆಲಸ ಎಂದು ಕಲ್ಯಾಣ ಕರ್ನಾಟಕದ ಜನ ಇಂದಿಗೂ ಇಲ್ಲಿಗೆ ಬರುತ್ತಾರೆ.

ಹೀಗೆ ಬಂದ ಮನೆಯ ಮಗುವಿನ ದಿನ ನೋಡಿ. ಮನೆಯಲ್ಲಿ ಕನ್ನಡ. ಲಿಫ್ಟ್‌ನಲ್ಲಿ, ಅಂಗಡಿಯಲ್ಲಿ ತೆಲುಗು ಅಥವಾ ದಖನಿ ಉರ್ದು. ತರಗತಿಯಲ್ಲಿ ಇಂಗ್ಲಿಷ್, ಜೊತೆಗೆ ಹಿಂದಿ. 2018ರ ಕಾಯ್ದೆಯ ಮೂಲಕ ತೆಲಂಗಾಣ ಸರ್ಕಾರ ಶಾಲೆಗಳಲ್ಲಿ ತೆಲುಗು ಕಲಿಕೆಯನ್ನೂ ಕಡ್ಡಾಯ ಮಾಡಿದೆ. ಬಹುಭಾಷೆ ಮಗುವಿಗೆ ಕೆಟ್ಟದ್ದಲ್ಲ, ಅದರಿಂದ ಎಡಿಎಚ್‌ಡಿ ಬರುವುದೂ ಇಲ್ಲ. ಆದರೆ ಊರು ಬದಲಿಸಿದ ಮೊದಲ ವರ್ಷ, ಅರ್ಥವಾಗದ ಭಾಷೆಯಲ್ಲಿ 40 ನಿಮಿಷದ ಪಾಠ ಕೇಳುತ್ತ ಕೂತ ಆರು ವರ್ಷದ ಮಗು ಏನು ಮಾಡೀತು? ಕಿಟಕಿ ನೋಡುತ್ತದೆ, ರಬ್ಬರ್ ಕಚ್ಚುತ್ತದೆ, ಪಕ್ಕದವರನ್ನು ಚಿವುಟುತ್ತದೆ. ಶಿಕ್ಷಕಿಗೆ ಕಾಣುವುದು ಗಮನವಿಲ್ಲದ ಮಗು.

ಎರಡು ಕಡೆ ಎಂಬ ಷರತ್ತು ಇಲ್ಲಿ ಕೆಲಸಕ್ಕೆ ಬರುತ್ತದೆ. ತೆಲುಗು ಪೀರಿಯಡ್‌ನಲ್ಲಿ ಮಾತ್ರ ಚಡಪಡಿಕೆ, ಡ್ರಾಯಿಂಗ್ ಮತ್ತು ಗಣಿತದಲ್ಲಿ ಇಲ್ಲ ಎಂದರೆ ಭಾಷೆಯನ್ನು ಅನುಮಾನಿಸಿ. ಅಜ್ಜಿ ಕನ್ನಡದಲ್ಲಿ ಕಥೆ ಹೇಳಿದರೆ ಕೊನೆಯವರೆಗೂ ಕೇಳುತ್ತದೆಯೇ? ಊರಿಗೆ ಹೋದಾಗ ಹೇಗಿರುತ್ತದೆ? ಕಲಬುರಗಿಯ ಮನೆಯಲ್ಲೂ, ಕನ್ನಡದ ಆಟದಲ್ಲೂ, ಊಟದ ತಟ್ಟೆಯ ಮುಂದೂ ಅದೇ ಕಷ್ಟ ಕಂಡರೆ ಭಾಷೆಯನ್ನೇ ದೂರಿ ಸುಮ್ಮನಾಗಬೇಡಿ.

ಮನೆಯ ಕಣ್ಣೂ ಮೋಸ ಹೋಗುತ್ತದೆ

ತಪ್ಪಾಗಿ ನೋಡುವುದು ಶಾಲೆ ಮಾತ್ರವಲ್ಲ. 1994ರ ಒಂದು ಪ್ರಯೋಗ ಈ ವಿಷಯದಲ್ಲಿ ಕಣ್ಣು ತೆರೆಸುವಂತಿದೆ. ಸಕ್ಕರೆ ತಿಂದರೆ ಮಗ ಕುಣಿಯುತ್ತಾನೆ ಎಂದು ನಂಬಿದ್ದ ತಾಯಂದಿರನ್ನು ಸಂಶೋಧಕರು ಕರೆಸಿದರು. ಅವರ ಗಂಡುಮಕ್ಕಳಿಗೆಲ್ಲ ಕೊಟ್ಟದ್ದು ಸಕ್ಕರೆಯಿಲ್ಲದ ಪಾನೀಯ. ಆದರೆ ಅರ್ಧ ತಾಯಂದಿರಿಗೆ 'ಸಕ್ಕರೆ ಕೊಟ್ಟಿದ್ದೇವೆ' ಎಂದು ಹೇಳಲಾಯಿತು. ಆ ತಾಯಂದಿರು ತಮ್ಮ ಮಗ ಹೆಚ್ಚು ಚಟುವಟಿಕೆ ತೋರಿಸಿದ ಎಂದು ಅಂಕ ಕೊಟ್ಟರು. ಅವನಿಗೆ ಹೆಚ್ಚು ಅಂಟಿಕೊಂಡೇ ಇದ್ದರು, ಹೆಚ್ಚು ತಪ್ಪು ಹುಡುಕಿದರು. ಏನು ಕಾಣುತ್ತದೆ ಎಂದು ಮೊದಲೇ ನಂಬಿದರೆ ಅದೇ ಕಾಣುತ್ತದೆ.

'ತುಂಟ' ಎಂಬ ಹೆಸರು ಹೊತ್ತ ಮಗುವಿಗೂ ತರಗತಿಯಲ್ಲಿ ಹೀಗೇ ಆಗುತ್ತದೆ. ಹಿಂದಿನ ಬೆಂಚಿನಲ್ಲಿ ಸದ್ದಾದರೆ ಎಲ್ಲರ ಕಣ್ಣು ಅವನತ್ತ. ಮಾಡಿದವನು ಬೇರೆಯವನಾದರೂ ಬೈಸಿಕೊಳ್ಳುವವನು ಇವನು. ಕ್ರಮೇಣ ಸಹಪಾಠಿಗಳೂ ಅವನನ್ನು ಆಟಕ್ಕೆ ಸೇರಿಸುವುದನ್ನು ಬಿಡುತ್ತಾರೆ. ಹುಟ್ಟುಹಬ್ಬಕ್ಕೆ ಕರೆ ಬರುವುದಿಲ್ಲ. ಎಷ್ಟೋ ಪೋಷಕರು ಹೇಳುವಂತೆ, ಕಡಿಮೆ ಅಂಕಕ್ಕಿಂತ ಹೆಚ್ಚು ನೋಯಿಸುವುದು ಇದೇ.

ಅಮ್ಮನ ಮುದ್ದು, ಅಪ್ಪನ ಗದರಿಕೆ, ಮೊಬೈಲ್ ಇವು ಎಡಿಎಚ್‌ಡಿಗೆ ಮೂಲ ಕಾರಣ ಎಂಬುದು ಸಾಬೀತಾಗಿಲ್ಲ. ಹೆಚ್ಚು ಹೊತ್ತು ಪರದೆ ನೋಡಿದರೆ ನಿದ್ದೆ, ಆಟ, ಓದು ಕೆಡುತ್ತದೆ, ಆದ್ದರಿಂದ ಮಿತಿ ಬೇಕು. ಆದರೆ ಮೊಬೈಲ್ ಕಿತ್ತುಕೊಂಡ ಮಾತ್ರಕ್ಕೆ ಎಡಿಎಚ್‌ಡಿ ಹೋಗುವುದಿಲ್ಲ. ಇಂಥ ಮಗು ಇರುವ ಮನೆಯಲ್ಲಿ ಅಮ್ಮನನ್ನು ದೂರುವುದರಿಂದ ಯಾರಿಗೂ ಲಾಭವಿಲ್ಲ.

ಪತ್ತೆ ಮಾಡುವುದು ಹೇಗೆ? ಎಲ್ಲಿ ಹೋಗಬೇಕು?

ಎಡಿಎಚ್‌ಡಿಯನ್ನು ಹೇಳುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ವೈದ್ಯರು ಪೋಷಕರೊಂದಿಗೆ ವಿವರವಾಗಿ ಮಾತಾಡುತ್ತಾರೆ, ಮಗುವನ್ನು ನೋಡುತ್ತಾರೆ, ಕಿವಿ ಮತ್ತು ಕಣ್ಣಿನ ತಪಾಸಣೆ ಮಾಡಿಸುತ್ತಾರೆ, ಅಗತ್ಯವಿದ್ದರೆ ಕಲಿಕೆ ಮತ್ತು ಬುದ್ಧಿಮಟ್ಟದ ಪರೀಕ್ಷೆ ಮಾಡಿಸುತ್ತಾರೆ. ಜೊತೆಗೆ ಒಂದು ಪ್ರಶ್ನಾವಳಿಯನ್ನು ಪೋಷಕರಿಗೂ ಇನ್ನೊಂದನ್ನು ಶಿಕ್ಷಕರಿಗೂ ಕೊಡುತ್ತಾರೆ. ಇಬ್ಬರ ಉತ್ತರ ಹೊಂದದಿರುವುದು ಸಾಮಾನ್ಯ. ಅದಕ್ಕೆ ಯಾರೂ ಸುಳ್ಳು ಹೇಳಿದರೆಂದು ಅರ್ಥವಲ್ಲ, ಮಗು ಎರಡು ಕಡೆ ಬೇರೆ ಬೇರೆಯಾಗಿ ಇರಬಹುದು. ಶಿಕ್ಷಕರ ಮಾತು ಇಲ್ಲಿ ಬಹಳ ಬೆಲೆಯುಳ್ಳ ಸಾಕ್ಷಿ. ಆದರೆ ಅದು ಸಾಕ್ಷಿ ಮಾತ್ರ, ತೀರ್ಪಲ್ಲ.

ಮೊದಲು ನಿಮ್ಮ ಮಕ್ಕಳ ವೈದ್ಯರನ್ನೇ ಕಾಣಿ. ಅವರು ಮಕ್ಕಳ ಮನೋವೈದ್ಯರಿಗೋ ಬೆಳವಣಿಗೆಯ ತಜ್ಞರಿಗೋ ಕಳಿಸಿಕೊಡುತ್ತಾರೆ. ಹೈದರಾಬಾದ್‌ನಲ್ಲಿ ಮಕ್ಕಳಿಗೆ ಸರ್ಕಾರಿ ನಿಲೋಫರ್ ಆಸ್ಪತ್ರೆ, ಎರ್ರಗಡ್ಡದಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇವೆ. ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 2022ರ ಅಕ್ಟೋಬರ್‌ನಲ್ಲಿ ಶುರುವಾದ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಬಹುದು. ಸಂಖ್ಯೆ 14416. ಕನ್ನಡ, ತೆಲುಗು ಎರಡರಲ್ಲೂ ಮಾತಾಡಬಹುದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಪಾಸಣೆ ಮಾಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. ಅಂಗನವಾಡಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವೈದ್ಯರ ತಂಡ ಬರುವ ಕಾರ್ಯಕ್ರಮ ಇದು. ಕಡಿಮೆ ಶುಲ್ಕದ ಖಾಸಗಿ ಶಾಲೆಯ ಮಕ್ಕಳಿಗೆ ಈ ತಪಾಸಣೆ ಸಿಗುವುದಿಲ್ಲ. ಊರು ಬಿಟ್ಟು ಬಂದ ಹಲವು ಮನೆಗಳ ಮಕ್ಕಳು ಓದುವುದು ಅಂಥ ಶಾಲೆಗಳಲ್ಲೇ. ಅಲ್ಲಿ ಗಮನಿಸಬೇಕಾದವರು ಪೋಷಕರು ಮತ್ತು ತರಗತಿ ಶಿಕ್ಷಕರು ಮಾತ್ರ.

ಔಷಧ ಬೇಕೇ ಬೇಕಾ?

'ಮಾತ್ರೆ ಕೊಟ್ಟು ಮಗುವನ್ನು ಮಂಕು ಮಾಡ್ತಾರೆ' ಎಂಬ ಭಯ ಬಹಳ ಮನೆಗಳಲ್ಲಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ, 6 ವರ್ಷದೊಳಗಿನ ಮಕ್ಕಳಿಗೆ ಮೊದಲ ಹೆಜ್ಜೆ ಮಾತ್ರೆಯಲ್ಲ, ಪೋಷಕರಿಗೆ ತರಬೇತಿ. 6 ವರ್ಷ ದಾಟಿದವರಿಗೆ ಔಷಧ ಮತ್ತು ವರ್ತನೆಯ ತರಬೇತಿ ಎರಡನ್ನೂ ಸೂಚಿಸುತ್ತದೆ. ಭಾರತದಲ್ಲಿ ಸಾಮಾನ್ಯವಾಗಿ ಬರೆದುಕೊಡುವವು ಮೀಥೈಲ್‌ಫೆನಿಡೇಟ್ ಮತ್ತು ಆಟೊಮಾಕ್ಸೆಟಿನ್.

1999ರಲ್ಲಿ ಅಮೆರಿಕದಲ್ಲಿ 579 ಮಕ್ಕಳ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ ಪ್ರಕಟವಾಯಿತು. 14 ತಿಂಗಳ ಕೊನೆಯಲ್ಲಿ ಮುಖ್ಯ ಲಕ್ಷಣಗಳ ಮಟ್ಟಿಗೆ, ಎಚ್ಚರಿಕೆಯಿಂದ ಪ್ರಮಾಣ ಹೊಂದಿಸಿ ಕೊಟ್ಟ ಔಷಧ ವರ್ತನೆಯ ತರಬೇತಿಯೊಂದಕ್ಕಿಂತ ಹೆಚ್ಚು ಕೆಲಸ ಮಾಡಿತ್ತು. ಮೂರು ವರ್ಷದ ಹೊತ್ತಿಗೆ ಗುಂಪುಗಳ ನಡುವಿನ ಆ ವ್ಯತ್ಯಾಸ ಉಳಿದಿರಲಿಲ್ಲ. ಅಂದರೆ ಮಾತ್ರೆ ಸಹಾಯ ಮಾಡುತ್ತದೆ, ಆದರೆ ಒಂದು ಕೋರ್ಸ್ ಮುಗಿಸಿದರೆ ಗುಣವಾಗುವ ಜ್ವರ ಇದಲ್ಲ. ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು ಮುಂತಾದ ಅಡ್ಡ ಪರಿಣಾಮಗಳಿರುವುದರಿಂದ ತೂಕ, ಎತ್ತರ, ರಕ್ತದೊತ್ತಡ ನೋಡುತ್ತಿರಬೇಕು. ಮಗು ಮಂಕಾದಂತೆ ಕಂಡರೆ ವೈದ್ಯರಿಗೆ ಹೇಳಿ, ಪ್ರಮಾಣ ಬದಲಿಸುತ್ತಾರೆ. ಔಷಧ ಬೇಕೋ ಬೇಡವೋ ಎಂಬುದು ವೈದ್ಯರು ಮತ್ತು ಪೋಷಕರ ನಿರ್ಧಾರ. 'ಮಾತ್ರೆ ಕೊಟ್ಟರೆ ಮಾತ್ರ ಶಾಲೆಗೆ ಕಳಿಸಿ' ಎಂದು ಹೇಳುವುದು ಶಾಲೆಯ ಕೆಲಸವಲ್ಲ.

ಶಿಕ್ಷಕರು ಏನು ಮಾಡಬಹುದು?

ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಎನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ಅದಕ್ಕಿಂತ ದೊಡ್ಡ ತರಗತಿಯನ್ನು ಒಬ್ಬರೇ ನಿಭಾಯಿಸುವ ಶಿಕ್ಷಕಿಯ ಸುಸ್ತು ಸುಳ್ಳಲ್ಲ. ಆದ್ದರಿಂದ ಖರ್ಚಿಲ್ಲದ, ಪಾಠ ನಿಲ್ಲಿಸದೆ ಮಾಡಬಹುದಾದ ಕೆಲವು ಬದಲಾವಣೆಗಳು ಇಲ್ಲಿವೆ.

• ಮಗುವನ್ನು ಮುಂದಿನ ಸಾಲಿನಲ್ಲಿ, ಬಾಗಿಲು ಮತ್ತು ಕಿಟಕಿಯಿಂದ ದೂರ ಕೂರಿಸಿ. ಇದು ಶಿಕ್ಷೆಯ ಜಾಗ ಎಂದು ಅನಿಸಬಾರದು.

• ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ. ಹೆಸರು ಕರೆದು, ಕಣ್ಣು ಸೇರಿದ ಮೇಲೆ ಹೇಳಿ.

• ಹತ್ತು ಲೆಕ್ಕವನ್ನು ಐದೈದಾಗಿ ಒಡೆದು ಕೊಡಿ. ಐದು ಮುಗಿಸಿ ತೋರಿಸಲು ಎದ್ದು ಬರಲಿ, ಓಡಾಟಕ್ಕೂ ಅವಕಾಶವಾಗುತ್ತದೆ.

• ನೋಟ್‌ಬುಕ್ ಹಂಚುವುದು, ಬೋರ್ಡ್ ಒರೆಸುವುದು ಮುಂತಾದ ಕೆಲಸ ಅವನಿಗೆ ಕೊಡಿ.

• ಸರಿ ಮಾಡಿದ ಕೂಡಲೇ ಹೊಗಳಿ. ತಿಂಗಳ ಕೊನೆಯ ಬಹುಮಾನ ಈ ಮಗುವಿಗೆ ತುಂಬಾ ದೂರ.

• ತಪ್ಪಿಗೆ ಶಿಕ್ಷೆಯಾಗಿ ಆಟದ ಪೀರಿಯಡ್ ಕಸಿಯಬೇಡಿ. ಓಡಾಟ ಅತಿ ಅಗತ್ಯವಿರುವ ಮಗು ಅದು.

• ಎಲ್ಲರ ಮುಂದೆ ಹೆಸರು ಕೂಗುವ ಬದಲು ಬೆಂಚಿನ ಮೇಲೆ ಮೆಲ್ಲಗೆ ಬೆರಳು ತಟ್ಟುವಂಥ ಒಂದು ಗುಟ್ಟಿನ ಸನ್ನೆ ಇಟ್ಟುಕೊಳ್ಳಿ.

ಕೆಂಪು ಶಾಯಿಯ ಡೈರಿಗೆ ಬದಲಾಗಿ ದಿನದ ವರದಿ ಚೀಟಿ ಎಂಬ ಕ್ರಮವೂ ಇದೆ. ಅದರಲ್ಲಿ ಮೂರೇ ಗುರಿ: ಕೈ ಎತ್ತಿ ಮಾತಾಡಿದ, ಕ್ಲಾಸ್‌ವರ್ಕ್ ಮುಗಿಸಿದ, ವಸ್ತುಗಳನ್ನು ಬ್ಯಾಗ್‌ಗೆ ಹಾಕಿಕೊಂಡ. ಶಿಕ್ಷಕಿ ದಿನವೂ ಟಿಕ್ ಹಾಕಿ ಕಳಿಸುತ್ತಾರೆ. ಸಂಜೆ ಮನೆಯಲ್ಲಿ ಅದಕ್ಕೆ ಪುಟ್ಟ ಬಹುಮಾನ: ಅರ್ಧ ಗಂಟೆ ಹೆಚ್ಚು ಸೈಕಲ್, ಒಂದು ಕಥೆ. ಮಗು ಸೋಲದಷ್ಟು ಸುಲಭವಾದ ಗುರಿಯಿಂದಲೇ ಶುರು ಮಾಡಬೇಕು. ಇಂಥ ಚೀಟಿ ತರಗತಿಯ ವರ್ತನೆಯನ್ನು ಸುಧಾರಿಸುತ್ತದೆ ಎಂಬುದಕ್ಕೆ ಅಧ್ಯಯನಗಳ ಬೆಂಬಲವೂ ಇದೆ.

ಕಾನೂನು ಏನು ಹೇಳುತ್ತದೆ?

'ದಂಡಂ ದಶಗುಣಂ' ಕಾಲ ಮುಗಿದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸುತ್ತದೆ. 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿ ಫೇಲ್ ಮಾಡುವ ವಿಷಯವನ್ನು ಬದಲಿಸಿತಾದರೂ ಹೊರಹಾಕಬಾರದೆಂಬ ನಿಯಮವನ್ನು ಹಾಗೇ ಉಳಿಸಿತು. 'ಟಿಸಿ ತಗೊಂಡು ಹೋಗಿ' ಎಂಬ ಒತ್ತಡ ಬಂದಾಗ ಪೋಷಕರು ಇದನ್ನು ನೆನಪಿಡಬೇಕು. ಈ ಕಾಯ್ದೆ ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ಕೊಟ್ಟಿದೆ ಎಂಬುದೂ ತಿಳಿದಿರಲಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆ ಅದರಲ್ಲಿವೆ. ಎಡಿಎಚ್‌ಡಿಯ ಹೆಸರು ಪ್ರತ್ಯೇಕವಾಗಿ ಇಲ್ಲ. ಎಡಿಎಚ್‌ಡಿ ಇರುವ ಹಲವು ಮಕ್ಕಳಲ್ಲಿ ಕಲಿಕಾ ನ್ಯೂನತೆಯೂ ಜೊತೆಗಿರುತ್ತದೆ. ಆದ್ದರಿಂದ ಅದರ ಪರೀಕ್ಷೆಯನ್ನೂ ಮಾಡಿಸಿಕೊಂಡರೆ ಮುಂದೆ ಪರೀಕ್ಷೆಗಳಲ್ಲಿ ಹೆಚ್ಚಿನ ಸಮಯದಂಥ ಸೌಲಭ್ಯ ಕೇಳಲು ದಾರಿಯಾಗುತ್ತದೆ.

ಶಾಲೆಗೆ ಹೋದಾಗ ಏನು ಕೇಳಬೇಕು?

'ಪೋಷಕರು ಬಂದು ಕಾಣಬೇಕು' ಎಂಬ ಗುರುವಾರದ ಸಾಲಿಗೆ ಮತ್ತೆ ಬರೋಣ. ತಲೆ ತಗ್ಗಿಸಿ ಕ್ಷಮೆ ಕೇಳಲೂ ಹೋಗಬೇಡಿ, ಜಗಳಕ್ಕೂ ಹೋಗಬೇಡಿ. ಒಂದು ಹಾಳೆಯಲ್ಲಿ ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. "ಮೇಡಂ, ಯಾವ ಪೀರಿಯಡ್‌ನಲ್ಲಿ ಹೆಚ್ಚು ಕಷ್ಟ ಪಡ್ತಾನೆ? ಬರೆಯುವಾಗಲೋ, ಕೇಳುವಾಗಲೋ? ಊಟಕ್ಕೆ ಮುಂಚೆಯೋ, ನಂತರವೋ? ಯಾವ ಭಾಷೆಯ ಪಾಠದಲ್ಲಿ? ಚೆನ್ನಾಗಿರುವ ಹೊತ್ತು ಯಾವುದು?" ಕೊನೆಯ ಪ್ರಶ್ನೆಯನ್ನು ತಪ್ಪದೆ ಕೇಳಿ. ಅದಕ್ಕೆ ಉತ್ತರ ಹುಡುಕಲು ಶಿಕ್ಷಕಿ ಎರಡು ದಿನ ನಿಮ್ಮ ಮಗುವನ್ನು ಬೇರೆ ಕಣ್ಣಿನಿಂದ ನೋಡಬೇಕಾಗುತ್ತದೆ. ವೈದ್ಯರಿಗೂ ಬೇಕಾಗಿರುವುದು ಇವೇ ಉತ್ತರಗಳು.

ಇನ್ನು ಮಲಗುವಾಗ ಹುಡುಗ ಕೇಳಿದ ಪ್ರಶ್ನೆ. ಅದಕ್ಕೆ ಉತ್ತರಿಸಲು ಯಾವ ತಪಾಸಣೆಗೂ ಕಾಯಬೇಕಿಲ್ಲ. "ನೀ ಕೆಟ್ಟ ಹುಡುಗ ಅಲ್ಲಪಾ. ಸುಮ್ನೆ ಕೂರೋದು ನಿನಗ ಕಷ್ಟ ಆಗ್ಲಿಕತ್ತದ. ಯಾಕ ಅಂತ ಡಾಕ್ಟರ್‌ನ ಕೇಳೋಣು, ಮೇಡಂನ ಕೇಳೋಣು." ವರದಿ ಎಡಿಎಚ್‌ಡಿ ಇದೆ ಎಂದರೂ ಇಲ್ಲ ಎಂದರೂ ಈ ಮಾತು ಸುಳ್ಳಾಗುವುದಿಲ್ಲ.